ಮಳೆಗಾಲಕ್ಕೆ ಎತ್ತಿಟ್ಟ ಮದ್ದು

ಜೆಪ್ಪುವಿನ ವೃದ್ಧಾಶ್ರಮಕ್ಕೆ ಡಾಕ್ಟರು ಬರುವುದು ವಾರಕ್ಕೊಮ್ಮೆ. ಅಲ್ಲೇ ಇರುವ ಮುದುಕ ಇದಿನಬ್ಬನಾದರೋ ದಿನವಿಡೀ ಸಿಗುವವನು. ಹಾಗಾಗಿ ಗಂಡಸರ ವಾರ್ಡಿನಲ್ಲಿ ಯಾರ ಮೈ ಬಿಸಿಯಾದರೂ ಮೊದಲು ಕೈ ಚಾಚುವುದು ಅವನ ಮಂಚದ ಕಡೆಗೆ.

ಬಂದರಿನಲ್ಲಿ ನಲವತ್ತು ವರ್ಷ ಒಣಮೀನು ಮಾರಿದ ಬ್ಯಾರಿಯ ಜೀವ ಅದು. ಸಿಕ್ಕಿದ್ದನ್ನೆಲ್ಲ ಆಗಲೇ ತಿಂದು ಮುಗಿಸುವವನು ಮೂರ್ಖ, ಮಳೆಗಾಲಕ್ಕೆ ಎತ್ತಿಡುವವನು ಜಾಣ ಎಂಬುದು ಅವನ ರಕ್ತದಲ್ಲೇ ಇತ್ತು. ಅರವತ್ತಮೂರನೇ ಇಸವಿಯಲ್ಲಿ ಡಾಕ್ಟರು ಅವನ ಜ್ವರಕ್ಕೆ ಹೊಸ ಕ್ಯಾಪ್ಸುಲು ಕೊಟ್ಟಾಗ ಮೂರನೇ ದಿನಕ್ಕೇ ಜ್ವರ ಬಿಟ್ಟಿತು. ಉಳಿದವು, ನುಂಗಿದ ಹಾಗೆ ನಟಿಸಿದ ಮೇಲೆ, ನಾಲಗೆಯಡಿಯಿಂದ ನೇರ ಎಲೆಯಡಿಕೆ ಡಬ್ಬಿ ಸೇರಿದವು. ಈ ವಿದ್ಯೆಯನ್ನು ಉಳಿದವರಿಗೂ ಕಲಿಸಿ ಅವರ ಮಾಲನ್ನೂ ಕೂಡಿಹಾಕಿದ. ಕೆಮ್ಮಿಗೆ ಒಂದು, ಉರಿಮೂತ್ರಕ್ಕೆ ಎರಡು; ಪ್ರತಿಯಾಗಿ ಸಂಜೆಯ ಬನ್ಸು. ಮುದುಕನ ಹೊಟ್ಟೆ ಮುಂದೆ ಬರುತ್ತಿರುವುದು ಯಾಕೆಂದು ನರ್ಸ್ ರೊಸಾಲಿನ್ ಬಾಯಿಗೆ ಗೊತ್ತೇ ಆಗಲಿಲ್ಲ.

ಪಕ್ಕದ ಮಂಚದ ಶೀನಪ್ಪ ಶೆಟ್ಟರು ಹಳೆಯ ಗಿರಾಕಿ, ಅದಕ್ಕಿಂತ ಹೆಚ್ಚಾಗಿ ಗೆಳೆಯ. ಎರಡು ವರ್ಷ ಕಳೆದ ಮೇಲೆ ಅವರ ಕಾಲಿನ ಗಾಯ ಕೀವು ಕಟ್ಟಿತು. ಡಾಕ್ಟರು ಅದೇ ಕ್ಯಾಪ್ಸುಲು ಬರೆದರು. ವಾರವಾದರೂ ಗಾಯ ಮಾಯಲಿಲ್ಲ, ಬಾವು ಮೊಣಕಾಲಿಗೆ ಏರಿತು. ಇವರು ಈ ಮದ್ದನ್ನು ಮುಟ್ಟಿದ್ದೇ ಮೊದಲ ಸಲ, ಆದರೂ ಯಾಕೆ ನಾಟುವುದಿಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡು, ಎರಡು ದಿನ ಬಿಟ್ಟು ಮತ್ತೆ ಬಂದು ನೋಡುತ್ತೇನೆ, ಇಳಿಯದಿದ್ದರೆ ಕಾಲು ತೆಗೆಯುವುದೇ ಸೈ ಎಂದರು.

ಪಕ್ಕದ ಮಂಚದಿಂದ ಇದಿನಬ್ಬ ಎಲ್ಲ ಕೇಳಿಸಿಕೊಂಡ. ಮೊದಲ ಸಲವಂತೆ! ಬಿಡಿಬಿಡಿಯಾಗಿ ಇಪ್ಪತ್ತಾದರೂ ಅವನೇ ತಿನ್ನಿಸಿದ್ದ. ಬಾಯಿ ಬಿಟ್ಟರೆ ಡಬ್ಬಿ, ಬನ್ಸು, ಮಾನ ಮೂರೂ ಹೋಗುತ್ತವೆ. ಬಿಡದಿದ್ದರೆ ಶೆಟ್ಟರ ಕಾಲು ಹೋಗುತ್ತದೆ. ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಎದ್ದು ಹೋಗಿ ಡಬ್ಬಿಯನ್ನು ಡಾಕ್ಟರ ಮುಂದೆ ಸುರುವಿ, ಇದ್ದದ್ದನ್ನೆಲ್ಲ ಹೇಳಿದ.

ಡಾಕ್ಟರು ಕ್ಯಾಪ್ಸುಲುಗಳನ್ನು ಒಂದೊಂದಾಗಿ ಎಣಿಸಿದರು.

"ಹಾವಿಗೆ ಅರೆಪೆಟ್ಟು ಕೊಟ್ಟು ಯಾರಾದರೂ ಬಿಡ್ತಾರಾ?" ಎಂದರು ಕೊನೆಗೆ. "ನೀವು ಎರಡು ವರ್ಷದಿಂದ ಅದನ್ನೇ ಮಾಡಿದ್ದೀರಿ. ಸಾಯದೆ ಉಳಿದ ರೋಗಾಣುಗಳಿಗೆ ಈಗ ಈ ಮದ್ದಿನ ಭಯವೇ ಇಲ್ಲ."

ಮದ್ರಾಸಿನಿಂದ ಬೇರೆ ಮದ್ದು ತರಿಸಿದರು. ಹತ್ತು ದಿನ ಒಂದೂ ತಪ್ಪದೆ ನುಂಗಬೇಕು, ನುಂಗಿಸುವ ಹೊಣೆ ಇದಿನಬ್ಬನದು. ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗೆ ಎಂದು ರೊಸಾಲಿನ್ ಬಾಯಿ ಗೊಣಗಿದಳು.

ಐದನೇ ದಿನ ಬಾವು ಇಳಿಯಿತು. ಶೆಟ್ಟರು ನಗುನಗುತ್ತಾ ಕ್ಯಾಪ್ಸುಲು ಬಾಯಿಗೆ ಹಾಕಿ ನೀರು ಕುಡಿದರು. ಇದಿನಬ್ಬ ಅವರ ಗಂಟಲನ್ನೇ ನೋಡಿದ.

"ಬಾಯಿ ತೆಗೀರಿ ಶೆಟ್ರೇ. ನಾಲಗೆ ಎತ್ತಿ."

ಕ್ಯಾಪ್ಸುಲು ಅಲ್ಲೇ ಉಂಟು.

ಶೆಟ್ಟರು ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿದರು. "ನಿಮಗೇ ಅಂತ ಇಟ್ಟದ್ದು ಬ್ಯಾರಿಗಳೇ. ನಿನ್ನೆಯಿಂದ ನೀವು ಕೆಮ್ಮುತ್ತಾ ಇದ್ದೀರಲ್ಲ. ನಿಮ್ಮ ಡಬ್ಬಿಯೂ ಖಾಲಿ."

ಇದಿನಬ್ಬನ ಕಣ್ಣು ತುಂಬಿತು. ಅದೇ ಹೊತ್ತಿಗೆ ಕೆಮ್ಮೂ ಒತ್ತಿಕೊಂಡು ಬಂತು. ಎರಡನ್ನೂ ತಡೆದು ನೀರಿನ ಲೋಟ ಮುಂದೆ ಚಾಚಿದ. ಶೆಟ್ಟರ ಗಂಟಲಲ್ಲಿ ಕ್ಯಾಪ್ಸುಲು ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಆ ಕಡೆ ತಿರುಗಿ, ಮನಸಾರೆ ಕೆಮ್ಮಿದ.