ಆರನೆಯ ಬೆರಳು

ಅತ್ತೆ ಅನಂತಮ್ಮ ನಾರಾಯಣಪೇಟೆಯಲ್ಲಿ ಬಸ್ಸು ಹತ್ತಿದಳೆಂದು ಫೋನು ಬಂದಾಗಿನಿಂದ ಪ್ರಶಾಂತಿ ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು. ಚೊಚ್ಚಲ ಹೆರಿಗೆಗೆ ಗದ್ವಾಲದ ತವರಿಗೆ ಬಂದವಳು. ಹುಟ್ಟಿದ್ದು ಮುದ್ದಾದ ಹೆಣ್ಣುಕೂಸು. ಆದರೆ ಅದರ ಎಡಗೈಯ ಕಿರುಬೆರಳ ಮಗ್ಗುಲಲ್ಲಿ ಇನ್ನೊಂದು ಪುಟ್ಟ ಬೆರಳಿತ್ತು, ಎಳ್ಳುಕಾಳಿನಷ್ಟು ಉಗುರಿನ ಸಮೇತ.

"ಹೆದರಬ್ಯಾಡ್ರಿ, ಇದು ವಂಶದಾಗ ಬರೋದು. ತಂದಿಗೋ ತಾಯಿಗೋ ಇದ್ದರ ಕೂಸಿಗೂ ಬರ್ತೈತಿ" ಎಂದು ಡಾಕ್ಟರಮ್ಮ ನಕ್ಕು ಹೋದಳು. ಹೆದರಿಕೆ ಹುಟ್ಟಿದ್ದೇ ಆ ಮಾತಿನಿಂದ! ಪ್ರಶಾಂತಿಗಾಗಲಿ ತವರಿನವರಿಗಾಗಲಿ ಆರನೆಯ ಬೆರಳು ಇರಲಿಲ್ಲ. ಗಂಡ ಭಾನುಪ್ರಕಾಶನಿಗೂ ಐದೇ ಬೆರಳು. ಹಾಗಾದರೆ ಕೂಸು ಯಾರದು ಎಂದು ಕೇಳುವ ಬಾಯಿಗಳಿಗೆ ನೇಕಾರರ ಓಣಿಯಲ್ಲಿ ಬರವೇ?

ಹೆಚ್ಚಿನ ಬೆರಳಿಗೆ ರೇಷ್ಮೆ ಎಳೆ ಬಿಗಿದು ಉದುರಿಸುವುದು ಮಗ್ಗದ ಮನೆಗಳ ಹಳೆಯ ರೂಢಿ. ಬೆಳಿಗ್ಗೆ ಯಾರಿಗೂ ಕಾಣದಂತೆ ಅವಳು ಅದನ್ನೇ ಮಾಡಿ, ಮೇಲೆ ಕೈಗವಸು ತೊಡಿಸಿದ್ದಳು. ಮಧ್ಯಾಹ್ನವಾದರೂ ಕೂಸು ಅಳು ನಿಲ್ಲಿಸಲಿಲ್ಲ.

"ಸುಮ್ಮನಿರವ್ವ, ನಿನ್ನ ಕಾಲು ಬೀಳ್ತೀನಿ" ಎಂದು ಅವಳೂ ಅತ್ತಳು.

ಅನಂತಮ್ಮ ಬಂದವಳೇ ಕಾಲು ತೊಳೆದು ಕೂಸನ್ನು ಎತ್ತಿಕೊಂಡಳು.

"ಯಾಕ ಹಿಂಗ ಒದರಾಕ ಹತ್ತೈತಿ?"

"ಹೊಟ್ಟಿ ನೋವಿರಬೇಕ್ರಿ ಅತ್ತಿ."

ಅನಂತಮ್ಮ ಕೈಗವಸು ಎಳೆದೇಬಿಟ್ಟಳು. ತನ್ನ ಬಾಳು ಮುಗಿಯಿತೆಂದು ಪ್ರಶಾಂತಿ ಗೋಡೆಗೆ ಒರಗಿದಳು. ಅತ್ತೆ ಮಗ್ಗದ ಮೇಲೆ ಎಳೆ ಕಡಿಯುವ ಹಾಗೆ ಹಲ್ಲು ಹಚ್ಚಿ ದಾರ ಕಡಿದಳು. ಬೆರಳು ನೇರಳೆಗಟ್ಟಿತ್ತು.

"ಕೂಸು ಅವರದ ಐತ್ರಿ ಅತ್ತಿ, ದೇವರಾಣಿ!"

ಅನಂತಮ್ಮನ ಮುಖ ಬಿಳಿಚಿತು. ತನ್ನ ಎಡಗೈ ಚಾಚಿದಳು. ಕಿರುಬೆರಳ ಮಗ್ಗುಲಲ್ಲಿ ಗಟ್ಟಿಯಾದ ಸಣ್ಣ ಗಂಟು.

"ನಮ್ಮವ್ವ ನನಗ ಕಟ್ಟಿದ್ಲು. ನಾ ನಿನ್ನ ಗಂಡಗ ಕಟ್ಟಿದ್ನಿ, ನಮ್ಮತ್ತಿ ಬರೋದ್ರೊಳಗ. ನಿನ್ನಂಗ ಹೆದರಿ."

ಅಂಥದೇ ಗಂಟನ್ನು ಪ್ರಶಾಂತಿ ಗಂಡನ ಕೈಯಲ್ಲಿ ಎಷ್ಟು ಸಲ ಸವರಿದ್ದಳೋ! ಸಣ್ಣವನಿದ್ದಾಗ ಮಗ್ಗದ ಲಾಳಿ ಬಡಿದು ಆದದ್ದು, ಅವ್ವ ಹೇಳ್ಯಾಳ ಅನ್ನುತ್ತಿದ್ದ ಪುಣ್ಯಾತ್ಮ.

"ಏಳು, ದವಾಖಾನಿಗೆ ಹೋಗೂಣು" ಎಂದಳು ಅನಂತಮ್ಮ.

ಆಟೋದಲ್ಲಿ ಪ್ರಶಾಂತಿ ಆ ಬೆರಳನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಕೂತಿದ್ದಳು. ಉದುರಲಿ ಎಂದು ಬೆಳಿಗ್ಗೆ ಬೇಡಿಕೊಂಡ ದೇವರನ್ನೇ ಈಗ ಅದು ಉಳಿಯಲಿ ಎಂದು ಬೇಡುತ್ತಿದ್ದಳು. ಬೆರಳು ಇನ್ನೂ ತಣ್ಣಗಿತ್ತು.