ಪಾಸ್‌ನಲ್ಲಿಟ್ಟ ಆಟ

"ಕೈ ಅಲ್ಲಾಡಿಸಬೇಡ ಪುಟ್ಟಿ," ಎಂದು ರಿಪೇರಿಯವನು ಎರಡು ವೈರುಗಳ ತುದಿಯನ್ನು ಆಟದ ಯಂತ್ರದ ಬೆನ್ನಿನೊಳಗೆ ಒತ್ತಿ ಹಿಡಿದ. ಆ ಮನೆಯ ಮಗಳು ಹಳೆಯ ಸೆಲ್ಲುಗಳನ್ನು ಉಗುರಿನಿಂದ ಎಬ್ಬಿಸಿದಳು. ವೈರುಗಳ ಆಚೆ ತುದಿಯಲ್ಲಿ ಬೇರೆ ನಾಲ್ಕು ಸೆಲ್ಲುಗಳಿದ್ದವು. ಬದಲಾಯಿಸುವಷ್ಟು ಹೊತ್ತು ಯಂತ್ರಕ್ಕೆ ಅಲ್ಲಿಂದ ಜೀವ. ಹೊಸವು ಕೂತವು. ಮಂಕಾಗಿದ್ದ ಕೆಂಪು ದೀಪ ಗಟ್ಟಿಯಾಯಿತು.

ಪಕ್ಕದ ಕೋಣೆಯಲ್ಲಿ ಅಪ್ಪನ ದೇಹವಿತ್ತು. ನಿನ್ನೆ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಅವರ ಎದೆಯ ಮೇಲೆ ಇದು ಹೀಗೇ, ನಿಲ್ಲಿಸಿದ ಆಟದೊಂದಿಗೆ, ಉರಿಯುತ್ತಿತ್ತು. ನಿಲ್ಲಿಸಿದಾಗ ಇದು ಪರದೆಯ ಮೇಲೆ ಜೋಡಿಸಿದ ತುಂಡುಗಳನ್ನು ಮರೆಮಾಡುತ್ತದೆ, ಇಣುಕಿ ನೋಡಿ ಮುಂದಿನದನ್ನು ಯೋಚಿಸುವಂತಿಲ್ಲ. ಆಫ್ ಮಾಡಿದರೆ ಏನೂ ನೆನಪಿಟ್ಟುಕೊಳ್ಳುವುದಿಲ್ಲ. ಅಪ್ಪ ಎಲ್ಲಿಗೆ ತಂದು ನಿಲ್ಲಿಸಿದ್ದರು ಅಂತ ಮಗಳಿಗೆ ಒಮ್ಮೆ ನೋಡಬೇಕಿತ್ತು. ಈಗಲ್ಲ, ಮನೆ ಖಾಲಿಯಾದ ಮೇಲೆ.

ಅತ್ತೆ, ಅಂದರೆ ಅಪ್ಪನ ಅಕ್ಕ, ಬಾಗಿಲಲ್ಲಿ ನಿಂತು ಅದೇನೆಂದು ಕೇಳಿದರು.

"ಪಾಸ್ ಆಗಿದೆ ಅತ್ತೆ. ಆಫ್ ಮಾಡಬಾರದು."

"ಪಾಸ್ ಆದಮೇಲೆ ಇನ್ನೇನು, ಮುಗೀತಲ್ಲ."

"ಇದು ಆ ಪಾಸ್ ಅಲ್ಲಕ್ಕ. ಸುಮ್ನೆ ನಿಂತಿರೋ ಪಾಸ್," ಎಂದ ರಿಪೇರಿಯವನು.

"ನನ್ನ ತಮ್ಮನೂ ಸ್ಕೂಲಲ್ಲಿ ಅದೇ ಪಾಸು," ಎಂದು ಅತ್ತೆ ಹೊರಟುಹೋದರು. ಅವರ ದನಿಯಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ.

* * *

ಅಪ್ಪ ಹನ್ನೊಂದು ಮಹಡಿಯ ಆಫೀಸು ಕಟ್ಟಡವೊಂದರ ಲಿಫ್ಟ್ ನಡೆಸುತ್ತಿದ್ದರು. ಎಲ್ಲರಿಗೂ ಲಿಫ್ಟಣ್ಣ. ದಿನವಿಡೀ ಏರುತ್ತಿದ್ದರೂ ನೌಕರಿಯಲ್ಲಿ ಒಂದು ಮೆಟ್ಟಿಲೂ ಏರದವನು ತಾನೊಬ್ಬನೇ ಎಂದು ಹೇಳಿಕೊಳ್ಳುತ್ತಿದ್ದರು.

ಯಂತ್ರ ಸಿಕ್ಕಿದ್ದು ಅದೇ ಕಟ್ಟಡದ ಕೆಳಗಿನ ಅಂಗಡಿಯ ಈ ರಿಪೇರಿಯವನಿಂದ. ಯಾರೋ ಸರಿಮಾಡಲು ಕೊಟ್ಟು ಮರಳಿ ಬಂದಿರಲಿಲ್ಲ. ಬೂದು ಇಟ್ಟಿಗೆಯಂಥ ಮೈ, ಎಡಕ್ಕೆ ಕೂಡಿಸುವ ಗುರುತಿನಂಥ ಗುಂಡಿ, ಬಲಕ್ಕೆ ಎರಡು ದುಂಡನೆಯವು, ಪಾಚಿ ಬಣ್ಣದ ಪರದೆ. ಮೇಲಿನಿಂದ ತುಂಡುಗಳು ಬೀಳುತ್ತವೆ. ತಿರುಗಿಸಿ ಸಂದಿಗೆ ಕೂರಿಸಬೇಕು. ಸಾಲು ತುಂಬಿದರೆ ಮಾಯ. ಅಪ್ಪ ಸ್ಟೂಲಿನ ಮೇಲೆ ಕೂತು, ಬಲ್ಬಿಗೆ ಪರದೆ ಓರೆ ಹಿಡಿದು ಆಡುವರು. ಬೆಲ್ ಹೊಡೆದರೆ ಹೆಬ್ಬೆರಳು ತಾನಾಗಿ ಪಾಸ್ ಒತ್ತುತ್ತಿತ್ತು. ಬಂದವರನ್ನೂ ಹಾಗೇ ಜೋಡಿಸುವರು: ದಪ್ಪನೆಯವರು ಮೂಲೆಗೆ, ಉದ್ದನೆಯವರು ಗೋಡೆಗೆ, ಫೈಲು ಹಿಡಿದವರು ಅಡ್ಡಕ್ಕೆ. ಎಂಟು ಜನರ ಲಿಫ್ಟಿನಲ್ಲಿ ಎಂಟು ಜನ ಸಲೀಸಾಗಿ ನಿಲ್ಲುತ್ತಿದ್ದುದು ಅವರ ಪಾಳಿಯಲ್ಲಿ ಮಾತ್ರ.

ಬಣ್ಣದ ಯಂತ್ರಗಳು ಬಂದವು, ಬೆಳಕಿನ ಪರದೆಯವು ಬಂದವು. ಮಗಳು ಮೊದಲ ಸಂಬಳದಲ್ಲಿ ಒಂದು ತಂದುಕೊಟ್ಟಳು. ಅಪ್ಪ ವಾರವಿಟ್ಟುಕೊಂಡು ವಾಪಸ್ ಕೊಟ್ಟರು. ಅದು ನೋಡೋಕೆ ಚೆಂದ, ಇದು ಆಡೋಕೆ ಚೆಂದ, ಅಂದರು. ಅಮ್ಮ ಆ ಹಳೆಯದನ್ನು ಸವತಿ ಎಂದು ಕರೆಯುತ್ತಿದ್ದರು. ಒಮ್ಮೆಯೂ ಆಡಲಿಲ್ಲ.

* * *

ವ್ಯಾನಿನವರು ಬಂದಾಗ ದೇಹ ಹೊರಬರಲು ಮೆಟ್ಟಿಲಿನ ತಿರುವು ಸಾಲಲಿಲ್ಲ. ಮೂವರು ಮೂರು ರೀತಿ ಹೇಳಿದರು. ಕೊನೆಗೆ ರಿಪೇರಿಯವನು, ಲಿಫ್ಟಣ್ಣನ ಮೂಗಿನ ದನಿಯನ್ನೇ ತೆಗೆದು, "ತಲೆ ಮೂಲೆಗೆ, ಕಾಲು ಗೋಡೆಗೆ, ಈಗ ತಿರುಗಿಸಿ ಸಾರ್," ಎಂದ. ತಿರುಗಿಸಿದರು. ಸಲೀಸಾಗಿ ಬಂತು. ತನ್ನ ಬಾಯಿಂದ ಏನು ಬಂತೆಂದು ಅವನಿಗೆ ಆಮೇಲೆ ಹೊಳೆಯಿತು. ಅಮ್ಮ ಗಂಡನ ದನಿ ಕೇಳಿದಂತಾಗಿ ಒಂದು ಕ್ಷಣ ಮೇಲಿನ ಮೆಟ್ಟಿಲ ಕಡೆ ತಿರುಗಿ ನೋಡಿದರು.

ಸ್ಮಶಾನದ ಕೆಲಸ ಬೇಗ ಮುಗಿಯಿತು. ಮಧ್ಯಾಹ್ನಕ್ಕೆ ಎಲ್ಲರೂ ಹೋದರು. ಮಗಳು ಬಚ್ಚಲಿಗೆ ಹೋಗಿ ಮುಖ ತೊಳೆದಳು.

ಅಮ್ಮ ಮನೆಯೊಳಗೆ ಒಂದು ಸುತ್ತು ಬಂದರು. ಹನಿಯುತ್ತಿದ್ದ ನಲ್ಲಿ ತಿರುಪಿದರು. ಖಾಲಿ ಮಂಚದ ಮೇಲೆ ಸುತ್ತುತ್ತಿದ್ದ ಫ್ಯಾನ್ ನಿಲ್ಲಿಸಿದರು. ಗೋಡೆಯ ದೀಪ ಆರಿಸಿದರು. ದಿಂಬಿನ ಪಕ್ಕ, ಮಗಳು ಇಟ್ಟುಹೋದಲ್ಲಿ, ಯಂತ್ರದ ಕೆಂಪು ಚುಕ್ಕೆ ಉರಿಯುತ್ತಿತ್ತು. ಸೆಲ್ಲು ದಂಡವಾಗದಿರಲೆಂದು, ಗಂಡ ನಿದ್ದೆಹೋದಾಗಲೆಲ್ಲ ಮಾಡುತ್ತಿದ್ದಂತೆ, ಅದರ ಸ್ವಿಚ್ಚನ್ನೂ ಸರಿಸಿದರು. ಟಕ್.

ಮಗಳು ಟವೆಲು ಹಿಡಿದು ಬಾಗಿಲಲ್ಲಿದ್ದಳು.

"ಆಫ್ ಮಾಡಿಬಿಟ್ಟೆ ಕಣೇ," ಎಂದರು ಅಮ್ಮ. ಕೈ ಇನ್ನೂ ಯಂತ್ರದ ಮೇಲೇ ಇತ್ತು.

"ಹೂಂ."

"ಬೆಳಗ್ಗೆಯಿಂದ ಕಾಯ್ತಿದ್ದೆ ನೀನು."

ಮಗಳು ಮುಖ ಒರೆಸಿಕೊಂಡಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಬೈಯಬೇಕೆಂದು ಬಾಯಿ ತೆರೆದರೆ ಒಳಗೆ ಬೈಗುಳವೇ ಇರಲಿಲ್ಲ. "ಎಲ್ಲಿಗೆ ಬಂದಿತ್ತೋ ಏನೋ. ಬಿಡಮ್ಮ."

ಇಬ್ಬರೂ ಮಂಚದ ಅಂಚಿನಲ್ಲಿ ಕೂತರು. ಅಮ್ಮ, ಅದನ್ನು ಮತ್ತೆ ಹಚ್ಚಿಕೊಡು ಎಂದರು. ಮಗಳು ಹಚ್ಚಿ, ಹೊಸ ಆಟ ಶುರು ಮಾಡಿ ಕೈಗಿಟ್ಟಳು. ಅಮ್ಮ ಬಿಸಿ ತಟ್ಟೆ ಹಿಡಿದವರಂತೆ ಬೆರಳ ತುದಿಗಳಲ್ಲಿ ಹಿಡಿದರು.

"ಏನು ಒತ್ತಬೇಕು?"

"ಏನೂ ಒತ್ತದಿದ್ರೂ ಬೀಳುತ್ತಮ್ಮ."

ಅಮ್ಮ ಕಿಟಕಿಯ ಕಡೆ ವಾಲಿಸಿದರು. ಮೊದಲ ತುಂಡು ಮೆಲ್ಲಗೆ ಇಳಿದು ನಟ್ಟನಡುವೆ ತಳಕ್ಕೆ ಕೂತಿತು. ಎರಡನೆಯದು ಅದರ ತಲೆಯ ಮೇಲೆ. ಮೂರನೆಯದು ಅದರ ಮೇಲೆ. ಎಡಬಲಗಳಲ್ಲಿ ಬೇಕಾದಷ್ಟು ಜಾಗ ಹಾಗೇ ಖಾಲಿ ಬಿದ್ದಿತ್ತು. ನಡುವಿನ ಸಣ್ಣ ಕಂಬ ಒಂದೊಂದೇ ತುಂಡಾಗಿ ಪರದೆಯ ಅಂಚಿನವರೆಗೆ ಬೆಳೆಯುವುದನ್ನು ಇಬ್ಬರೂ ನೋಡುತ್ತಾ ಕೂತರು.