ನಿಮ್ಮ ತೀರ್ಪು ತಪ್ಪು, ಸ್ವಾಮಿ

ಮಾನನಷ್ಟದ ದಾವೆಯಲ್ಲಿ ಸೋತವರು ಮೇಲಿನ ಕೋರ್ಟಿಗೆ ಹೋಗಬೇಕೆಂದರೆ, ಮೊದಲು ಸೋಲಿಸಿದ ನ್ಯಾಯಾಧೀಶರನ್ನೇ ಅನುಮತಿ ಕೇಳಬೇಕು. ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ! ಮ್ಯಾಂಚೆಸ್ಟರಿನ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ ಥಿರ್ಜಾ ಆಗ್ಡೆನ್‌ಗೆ ಅದನ್ನು ಯೋಚಿಸುವಷ್ಟೂ ತ್ರಾಣವಿರಲಿಲ್ಲ. ಎರಡು ವರ್ಷದ ಅಲೆದಾಟದಲ್ಲಿ ವಕೀಲರು ಕೈಬಿಟ್ಟಿದ್ದರು. ಜೊತೆಗೆ ಉಳಿದವನು ತಮ್ಮ ಕ್ಲಿಫರ್ಡ್ ಒಬ್ಬನೇ.

ಥಿರ್ಜಾಳ ತಂಗಿ ಎಡ್ನಾ, ಹಾರ್ಗ್ರೀವ್ಸ್ ಎಂಬುವನ ವೃದ್ಧಾಶ್ರಮದಲ್ಲಿ ತೀರಿಕೊಂಡಿದ್ದಳು. ಮಗ್ಗುಲು ಬದಲಿಸುವವರಿಲ್ಲದೆ ಅವಳ ಹಿಮ್ಮಡಿ ಕೊಳೆತಿತ್ತು ಎಂದು ಥಿರ್ಜಾ ಚರ್ಚಿನ ಮಾಸಪತ್ರಿಕೆಯಲ್ಲಿ ಬರೆದಳು. ಅವನು ದಾವೆ ಹೂಡಿದ. ಸಾಬೀತು ಮಾಡುವ ಹೊರೆ ಬರೆದವಳದ್ದು; ಅವಳ ಬಳಿ ಒಂದು ಫೋಟೋ ಕೂಡ ಇರಲಿಲ್ಲ. 'ನನ್ನನ್ನ ಹೀಗೆ ಯಾರಿಗೂ ತೋರಿಸ್ಬೇಡ ಕಣೇ' ಎಂದು ಎಡ್ನಾ ಬೇಡಿಕೊಂಡಿದ್ದಳಲ್ಲ. ಬರೆದದ್ದು ಸುಳ್ಳು, ಇನ್ನೆಂದೂ ಆ ಮಾತು ಎತ್ತಕೂಡದು ಎಂದು ತೀರ್ಪಾಯಿತು. ತೀರ್ಪಿನಿಂದ ತೆಗೆಸಬೇಕೆಂದು ಥಿರ್ಜಾ ಬಯಸಿದ್ದು ಆ 'ಸುಳ್ಳು' ಎಂಬ ಒಂದು ಮಾತು, ಅಷ್ಟೇ.

"ಒಳಗೆ ಹೋಗಿ ನೇರವಾಗಿ ಹೇಳ್ಬಿಡಕ್ಕಾ, ನಿಮ್ಮ ತೀರ್ಪು ತಪ್ಪು ಅಂತ. ಟೀ ಕೊಡೋಕೆ ಬಂದವಳ ಥರ ನಿಂತ್ಕೋಬೇಡ," ಎಂದ ಕ್ಲಿಫರ್ಡ್.

"ಹೇಳ್ತೀನಿ ಮಾರಾಯ. ಬಾಯಿ ಇದೆ ನಂಗೆ."

ನ್ಯಾಯಾಧೀಶರು ಒಳ್ಳೆಯವರು, ಅದೇ ಕಷ್ಟ. ಕುಡಿಯಲು ನೀರು ತರಿಸಿದರು. ಕೂತೇ ಮಾತಾಡಿ ಎಂದರು. ಆಮೇಲೆ ಮುಂದೆ ಬಾಗಿ, "ಹೇಳಿ ಅಮ್ಮ, ನಾನು ಎಲ್ಲಿ ಎಡವಿದ್ದೀನಿ ಅಂತ ನಿಮಗೆ ಅನ್ಸುತ್ತೆ?" ಎಂದು ಕೇಳಿದರು.

ಎದುರಿಗಿರುವವರ ಮುಖಕ್ಕೇ ತಪ್ಪು ಎನ್ನುವುದು ಥಿರ್ಜಾಳ ಮನೆತನದಲ್ಲೇ ಇರಲಿಲ್ಲ. ತಮ್ಮ ಕಾಲು ತುಳಿದವರ ಹತ್ತಿರವೂ ತಾವೇ ಕ್ಷಮೆ ಕೇಳುವ ಜನ. ಅವಳ ನಾಲಿಗೆ ತಾನಾಗಿ ಹೊರಳಿತು. "ಅಯ್ಯೋ, ತಪ್ಪು ಅಂತಲ್ಲ ಸ್ವಾಮಿ. ನೀವು ತುಂಬಾ ತಾಳ್ಮೆಯಿಂದ ಕೇಳಿದ್ರಿ."

ಹಿಂದಿನ ಸಾಲಿನಲ್ಲಿ ಕ್ಲಿಫರ್ಡ್ ಹಣೆ ಹಿಡಿದುಕೊಂಡ. ನ್ಯಾಯಾಧೀಶರು ಸ್ವಲ್ಪ ಹೊತ್ತು ಕಾದರು, ಪಾಪ. ಆಮೇಲೆ, ತೀರ್ಪಿನಲ್ಲಿ ದೋಷವಿದೆಯೆಂದು ಅರ್ಜಿದಾರರೇ ಹೇಳುತ್ತಿಲ್ಲ ಎಂದು ಬರೆದು ಅನುಮತಿ ನಿರಾಕರಿಸಿದರು. ಮೇಲಿನ ಕೋರ್ಟನ್ನೇ ಕೇಳಲು ಅವಕಾಶವಿದೆ ಎಂದೂ ತಿಳಿಸಿದರು. ಥಿರ್ಜಾ ಅದಕ್ಕೂ ಥ್ಯಾಂಕ್ಸ್ ಹೇಳಿದಳು.

ಹೊರಗೆ ಹೋಗುವಾಗ ಹಾರ್ಗ್ರೀವ್ಸ್ ನಗುತ್ತಾ ಅವಳಿಗಾಗಿ ಬಾಗಿಲು ಹಿಡಿದು ನಿಂತ. ದಾಟಿ ಹೋದವಳು ಹಿಂತಿರುಗಿದಳು.

"ನನ್ನ ತಂಗಿ ಹಿಮ್ಮಡಿ ಕೊಳೆತಿತ್ತು. ಮೂಳೆ ಕಾಣ್ತಿತ್ತು. ನಾನು ಸುಳ್ಳು ಹೇಳಿಲ್ಲ. ಆ ತೀರ್ಪು ತಪ್ಪು!"

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾರ್ಗ್ರೀವ್ಸ್‌ನ ವಕೀಲ ಪೆನ್ನು ತೆಗೆದು ಬರೆದುಕೊಳ್ಳತೊಡಗಿದ.

"ಬಾಯ್ಮುಚ್ಚಕ್ಕಾ! ಎತ್ತಬಾರ್ದು ಅಂತ ಆಜ್ಞೆ ಇದೆ, ಜೈಲಿಗೆ ಹಾಕ್ತಾರೆ," ಎಂದು ಕ್ಲಿಫರ್ಡ್ ತೋಳು ಹಿಡಿದೆಳೆದ.

ಥಿರ್ಜಾ ತೋಳು ಬಿಡಿಸಿಕೊಂಡು ಕೋರ್ಟಿನ ಬಾಗಿಲಿಗೆ ನಡೆದಳು. ಜವಾನ ಅಡ್ಡ ನಿಂತ. "ಕಲಾಪ ಮುಗೀತಮ್ಮ. ಸಾಹೇಬ್ರು ಎದ್ದು ಹೋದ್ರು."

"ಒಂದೇ ಮಾತಪ್ಪ. ಈಗ ಬಂತು ಬಾಯಿಗೆ."

"ಈಗ ಒಳಗೆ ಯಾರೂ ಇಲ್ಲಮ್ಮ."

ಅವಳು ಗಾಜಿನಲ್ಲಿ ಇಣುಕಿ ನೋಡಿದಳು. ನಿಜವಾಗಿಯೂ ಯಾರೂ ಇರಲಿಲ್ಲ. "ಕ್ಷಮಿಸಪ್ಪ, ತೊಂದ್ರೆ ಕೊಟ್ಟೆ," ಎಂದು ಜವಾನನಿಗೆ ಹೇಳಿ, ಅಲ್ಲೇ ಗೋಡೆಗೆ ಒರಗಿ ಅತ್ತಳು.